ಕೊಟ್ಟಿಗೆಯ ಕಲ್ಲು, ತೊಲೆ ಎತ್ತುವ ಸಾಧನಗಳು



ಬೇಸಿಗೆಯ ಉಳುಮೆ ಮುಗಿದು, ಮುಂಗಾರಿಗೆ ಇನ್ನೂ ಮೂರು ನಾಲ್ಕು ವಾರ ಇದೆ ಅನ್ನುವ ಈ ಹೊತ್ತಿನಲ್ಲಿ ನಾನು ಬಿತ್ತನೆ ಬೀಜದ ಮಾತನ್ನು ಆಡಬೇಕಾಗಿತ್ತು. ಅದನ್ನು ಬಿಟ್ಟು ಕಲ್ಲು, ತೊಲೆ, ಹಾರೆ, ರಾಟೆ ಎಂದು ಶುರುಮಾಡಿದರೆ, ‘ಇದೇನಪ್ಪ, ಕೃಷಿ ಇಲಾಖೆಯವನಿಗೆ ಗಾರೆಯವರ ಉಸಾಬರಿ ಯಾಕೆ?’ ಎಂದು ನೀವು ಕೇಳೀರಿ. ಕೇಳುವುದು ನ್ಯಾಯವೇ. ಆದರೆ ಸ್ವಲ್ಪ ಯೋಚನೆ ಮಾಡಿ ನೋಡಿ. ಬೇಸಿಗೆಯ ಈ ಬಿಡುವಿನಲ್ಲೇ ಅಲ್ಲವೇ ನಾವು ಕೊಟ್ಟಿಗೆಯ ರಿಪೇರಿಗೆ ಕೈ ಹಾಕುವುದು? ಗೆದ್ದಲು ತಿಂದ ಕಂಬವನ್ನು ಬದಲಾಯಿಸುತ್ತೇವೆ. ಸೀಳಿದ ಚಪ್ಪಡಿಯನ್ನು ಇಳಿಸಿ ಬೇರೊಂದನ್ನು ಏರಿಸುತ್ತೇವೆ. ಬಾಗಿಲಿಗೆ ಮೇಲುಗಲ್ಲು ಕೂರಿಸುತ್ತೇವೆ. ಗೋಡೆ ಕಟ್ಟುವುದಕ್ಕೆ ಗಾರೆಯವರನ್ನು ಕರೆಯುತ್ತೇವೆ, ಬಾಗಿಲು ಮಾಡುವುದಕ್ಕೆ ಬಡಗಿಯನ್ನು ಕರೆಯುತ್ತೇವೆ. ಭಾರ ಎತ್ತುವುದಕ್ಕೆ ಮಾತ್ರ ಯಾರನ್ನೂ ಕರೆಯುವುದಿಲ್ಲ. ಅದಕ್ಕೆ ನಾವೇ ಸಾಕು, ಅಕ್ಕಪಕ್ಕದ ಮುಯ್ಯಾಳು ಸಾಕು, ಒಂದು ಹಾರೆ, ಬಾವಿಯ ಹಗ್ಗ ಸಾಕು ಅಂತೀವಿ.

ಹತ್ತು ಸಲ ಸಾಕಾಗುತ್ತದೆ. ಹನ್ನೊಂದನೆಯ ಸಲ ಕಾಲಿನ ಮೇಲೆ ಕಲ್ಲು ಬೀಳುತ್ತದೆ. ಬಿದ್ದದ್ದು ಮೇ ತಿಂಗಳಲ್ಲಾದರೆ ಆ ವರ್ಷದ ಬಿತ್ತನೆಯೂ ಅದರ ಜೊತೆಗೇ ಹೋಯಿತು. ಹೀಗಾಗಿ ಇದು ಬೇಸಾಯದ ಮಾತೇ ಹೌದು.

ಮೊದಲು ಭಾರದ ವಿಷಯ. ನಮ್ಮಲ್ಲಿ ಬಹಳ ಜನ ಕಲ್ಲನ್ನು ಕಣ್ಣಿನಿಂದ ತೂಗುತ್ತಾರೆ. ಕಣ್ಣಿನ ತಕ್ಕಡಿ ಯಾವಾಗಲೂ ಕಡಿಮೆಯೇ ತೋರಿಸುತ್ತದೆ. ತುಮಕೂರು, ಕೋಲಾರದ ಕಡೆ ಮಾಡಿಗೆ ಹಾಕುವ ಗಟ್ಟಿ ಕಲ್ಲು ಇದೆಯಲ್ಲ, ಅದು ಒಂದು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಘನ ಅಡಿ ಎಂದರೆ ಉದ್ದ, ಅಗಲ, ದಪ್ಪ ಮೂರೂ ಒಂದೊಂದು ಅಡಿ. ಈಗ 6 ಅಡಿ ಉದ್ದ, 2 ಅಡಿ ಅಗಲ, 3 ಅಂಗುಲ ದಪ್ಪದ ಚಪ್ಪಡಿಯನ್ನು ತೆಗೆದುಕೊಳ್ಳಿ. ಆರು ಎರಡಲ ಹನ್ನೆರಡು. 3 ಅಂಗುಲವೆಂದರೆ ಕಾಲು ಅಡಿ. ಹನ್ನೆರಡರ ಕಾಲು ಮೂರು. ಮೂರು ಘನ ಅಡಿ, ಅಂದರೆ 225 ಕಿಲೋ. 50 ಕಿಲೋ ಡಿಎಪಿ ಚೀಲದ ಲೆಕ್ಕದಲ್ಲಿ ನಾಲ್ಕೂವರೆ ಚೀಲ. ನಾಲ್ಕೂವರೆ ಚೀಲವನ್ನು ಒಟ್ಟಿಗೆ ಕಟ್ಟಿ ‘ನಾಲ್ಕು ಜನ ತಲೆಯ ಮೇಲಕ್ಕೆ ಎತ್ತಿ’ ಅಂದರೆ ನೀವು ನಗುತ್ತೀರಿ. ಚಪ್ಪಡಿ ಅಂದರೆ ಮಾತ್ರ ‘ಹೂಂ, ಹಿಡಿಯಪ್ಪಾ’ ಅಂತ ಕೈ ಹಾಕುತ್ತೀರಿ.

ಒಂಬತ್ತು ಅಂಗುಲ ಚೌಕದ, 9 ಅಡಿ ಉದ್ದದ ಕಲ್ಲುಕಂಬ ಇದೇ ಲೆಕ್ಕದಲ್ಲಿ 380 ಕಿಲೋ ಆಗುತ್ತದೆ. ಮರ ಕಲ್ಲಿಗಿಂತ ಹಗುರ, ನಿಜ. ಆದರೂ ಮತ್ತಿಯಂಥ ಗಟ್ಟಿ ಮರದ, 12 ಅಡಿ ಉದ್ದ, 8 ಅಂಗುಲ ಎತ್ತರ, 6 ಅಂಗುಲ ದಪ್ಪದ ತೊಲೆ ಹೆಚ್ಚುಕಡಿಮೆ 100 ಕಿಲೋ ಬರುತ್ತದೆ. ವಿಜಯಪುರ, ರಾಯಚೂರಿನ ಕಡೆಯ ಮಣ್ಣಿನ ಮಾಳಿಗೆಯದು ಇನ್ನೊಂದು ಲೆಕ್ಕ. ಹತ್ತು ಅಡಿಗೆ ಹತ್ತು ಅಡಿ ಕೋಣೆಯ ಮೇಲೆ 9 ಅಂಗುಲ ಮಣ್ಣು ಹಾಕಿದ್ದರೆ ಒಣ ಮಣ್ಣೇ ಮೂರು ಟನ್ನು ದಾಟುತ್ತದೆ, ಮಳೆ ಕುಡಿದರೆ ಇನ್ನೂ ಹೆಚ್ಚು. ಅಂಥ ಮಾಳಿಗೆಯ ಕೆಳಗಿನ ತೊಲೆಯನ್ನು ಬದಲಿಸುವವರು ಮೊದಲು ಮೇಲಿನ ಮಣ್ಣನ್ನು ಇಳಿಸಿಯೇ ಮುಂದಿನ ಕೆಲಸಕ್ಕೆ ಹೋಗಬೇಕು. ಇದರಲ್ಲಿ ಎರಡನೆಯ ಮಾತಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಎತ್ತುವುದು ಒಂದು ಕೆಲಸ, ಎತ್ತಿದ್ದನ್ನು ಹೊತ್ತು ನಿಲ್ಲುವುದು ಇನ್ನೊಂದು ಕೆಲಸ. ಹಾರೆ, ರಾಟೆ, ಜಾಕಿ ಇವು ಎತ್ತುವ ಸಾಧನಗಳು. ಕಟ್ಟಿಗೆಯ ಗೂಡು, ಆಸರೆ ಕಂಬ, ಬೆಣೆ ಇವು ಹೊರುವ ಸಾಧನಗಳು. ನಾನು ಕಂಡ, ಕೇಳಿದ ಅಪಘಾತಗಳಲ್ಲಿ ಮುಕ್ಕಾಲು ಪಾಲು ಆದದ್ದು ಎತ್ತುವ ಸಾಧನಕ್ಕೆ ಹೊರುವ ಕೆಲಸವನ್ನೂ ಒಪ್ಪಿಸಿದ್ದರಿಂದ. ಊರಿನ ತೇರು ಎಳೆಯುವಾಗ ನೋಡಿದ್ದೀರಿ. ಹಿಂದಿನಿಂದ ಸನ್ನೆಕೋಲು ಹಾಕಿ ಮೀಟುವವರು ಬೇರೆ, ಚಕ್ರಕ್ಕೆ ಮರದ ತುಂಡಿನ ಅಡೆ ಕೊಡುವವರು ಬೇರೆ. ಎಳೆಯುವವರು ಎಷ್ಟೇ ಗಟ್ಟಿಗರಾಗಿರಲಿ, ಅಡೆ ಕೊಡುವವರಿಲ್ಲದೆ ತೇರು ಹೊರಡುವುದಿಲ್ಲ. ಕೊಟ್ಟಿಗೆಯ ಕೆಲಸಕ್ಕೂ ಅದೇ ಪದ್ಧತಿ ಬೇಕು.

ಎಲ್ಲರ ಮನೆಯಲ್ಲೂ ಇರತಕ್ಕ ಸಾಧನ ಹಾರೆ. ಐದು ಅಡಿಯ ಹಾರೆಯನ್ನು ಚಪ್ಪಡಿಯ ಅಂಚಿನ ಕೆಳಗೆ ತೂರಿಸಿ, ತುದಿಯಿಂದ 6 ಅಂಗುಲದಲ್ಲಿ ಒಂದು ಒತ್ತುಗಲ್ಲನ್ನು ಇಟ್ಟರೆ, ನಿಮ್ಮ ಕಡೆಗೆ 54 ಅಂಗುಲ ಉಳಿಯಿತು. 54 ಎಂದರೆ 6ರ ಒಂಬತ್ತರಷ್ಟು. ನೀವು ಒತ್ತಿದ್ದರ ಒಂಬತ್ತರಷ್ಟು ಬಲ ಕಲ್ಲಿಗೆ ಸಿಗುತ್ತದೆ. ಅದರ ಮೇಲೆ, ಚಪ್ಪಡಿಯ ಒಂದು ತುದಿಯನ್ನು ಮಾತ್ರ ಎತ್ತುವಾಗ ಅರ್ಧ ಭಾರವನ್ನು ಇನ್ನೊಂದು ತುದಿಯ ನೆಲವೇ ಹೊತ್ತಿರುತ್ತದೆ. ಹೀಗೆ 225 ಕಿಲೋ ಚಪ್ಪಡಿಯ ತುದಿ ಏಳುವುದಕ್ಕೆ 12-13 ಕಿಲೋ ಒತ್ತಿದರೆ ಸಾಕು. ಹತ್ತನೇ ಕ್ಲಾಸಿನ ಹುಡುಗನೂ ಮಾಡಬಹುದು. ಆದರೆ ಇದಕ್ಕೆ ಬೆಲೆ ಕೊಡಬೇಕು. ನಿಮ್ಮ ಕೈ ಒಂದೂವರೆ ಅಡಿ ಇಳಿದರೆ ಕಲ್ಲು ಏಳುವುದು ಎರಡೇ ಅಂಗುಲ. ಅದಕ್ಕಿಂತ ಹೆಚ್ಚು ಬೇಕೆಂದರೆ ಎದ್ದಷ್ಟಕ್ಕೆ ಕೆಳಗೆ ಏನಾದರೂ ತುಂಬಿ, ಹಾರೆಯನ್ನು ಮತ್ತೆ ಮೇಲಕ್ಕೆ ಸರಿಸಿ ಹಾಕಬೇಕು. ಬೆರಳಷ್ಟು ಎತ್ತು, ಬೆರಳಷ್ಟು ತುಂಬು. ಬೇಸರದ ಕೆಲಸ ಇದು. ಬೇಸರ ಬಂದಲ್ಲೇ ಅಪಾಯ ಇರುವುದು.

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನಾನು ಆಗ ಡಿಪ್ಲೊಮಾ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ದನ ನೀರು ಕುಡಿಯುವ ತೊಟ್ಟಿಯ ಪಕ್ಕದ ಹಾಸುಗಲ್ಲು ಒಂದು ಕಡೆ ಕುಸಿದಿತ್ತು. ನಾನು ಹಾರೆ ಒತ್ತಿ ಹಿಡಿದೆ, ಚಿಕ್ಕಪ್ಪ ಕೆಳಗೆ ಚಕ್ಕೆಕಲ್ಲು ಇಡುತ್ತಿದ್ದರು. ಎರಡು ಸಲ ಇಟ್ಟಾಯಿತು. ಮೂರನೆಯ ಸಲಕ್ಕೆ ‘ಇನ್ನೊಂದು ಚೂರು ಒಳಕ್ಕೆ ಹೋಗಲಿ’ ಎಂದು ಬೆರಳು ಹಾಕಿ ನೂಕಿದರು. ತೊಟ್ಟಿಯಿಂದ ಚೆಲ್ಲಿದ ನೀರಿಗೆ ಒತ್ತುಗಲ್ಲು ನೆನೆದಿತ್ತು. ಹಾರೆ ಪಕ್ಕಕ್ಕೆ ಜಾರಿತು. ಚಿಕ್ಕಪ್ಪನ ಬಲಗೈಯ ಎರಡು ಬೆರಳು ಹೋದವು. ಹಾರೆ ಹಿಡಿದವನು ನಾನು. ಅವರು ಈಗಲೂ ಎಮ್ಮೆ ಕರೆಯುತ್ತಾರೆ, ಒಂದೇ ಕೈಯಲ್ಲಿ. ಇದುವರೆಗೂ ನನಗೆ ಒಂದು ಮಾತೂ ಅಂದಿಲ್ಲ.

ಅದಕ್ಕೇ ಹೇಳುವುದು, ಎತ್ತಿದ ಕಲ್ಲಿನ ಕೆಳಗೆ ಕೈ ಹೋಗಕೂಡದು. ಒಂದು ಮೊಳದ ಕೋಲನ್ನು ಇಟ್ಟುಕೊಳ್ಳಿ, ತುಂಬುವ ತುಂಡನ್ನು ಕೋಲಿನಿಂದ ನೂಕಿ. ಒತ್ತುಗಲ್ಲಿನ ಬದಲು ಗಟ್ಟಿ ಮರದ ತುಂಡಾದರೆ ಕಬ್ಬಿಣ ಅದರೊಳಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ, ಜಾರುವುದು ಕಡಿಮೆ. ಹಾರೆ ಒತ್ತುವವನು ಅದರ ಮೇಲೆ ಹೊಟ್ಟೆ ಇಟ್ಟು ಬಾಗಬಾರದು, ಕಾಲೆತ್ತಿ ಹಾಕಿ ಕೂರಬಾರದು. ಕಲ್ಲು ಹಿಂದಕ್ಕೆ ಕುಸಿದಾಗ ಹಾರೆ ಚಿಮ್ಮುವ ರಭಸಕ್ಕೆ ದವಡೆ ಮುರಿಯುವುದುಂಟು. ಪಕ್ಕದಲ್ಲಿ ನಿಂತು, ಎರಡು ಕೈಯಿಂದ ಒತ್ತಿ.

ಕಲ್ಲನ್ನು ಬಂಡಿಯಿಂದ ಕೊಟ್ಟಿಗೆಯವರೆಗೆ ತರಲು ಉರುಳೆಗಳು ಸಾಕು. ಒಂದೇ ದಪ್ಪದ ನಾಲ್ಕೈದು ದುಂಡು ತುಂಡುಗಳನ್ನು ಕೆಳಗೆ ಹಾಕಿ ತಳ್ಳಿದರೆ ಕಲ್ಲು ತಾನೇ ಹೋಗುತ್ತದೆ. ಹಳೆಯ ನೀರಿನ ಕಬ್ಬಿಣದ ಪೈಪಿನ ತುಂಡಾದರೆ ಇನ್ನೂ ಒಳ್ಳೆಯದು. ಮಾಡಿನ ಎತ್ತರಕ್ಕೆ ಏರಿಸಲು ನಮ್ಮ ಹಿರಿಯರು ಎರಡು ಉದ್ದನೆಯ ಮರಗಳನ್ನು ಇಳಿಜಾರಾಗಿ ಒರಗಿಸಿ ಅದರ ಮೇಲೆ ಎಳೆಯುತ್ತಿದ್ದರು. ಈಗಲೂ ಬಹಳ ಕಡೆ ಹಾಗೇ ಮಾಡುತ್ತಾರೆ. 8 ಅಡಿ ಎತ್ತರಕ್ಕೆ 16 ಅಡಿ ಮರ ಒರಗಿಸಿದರೆ ಲೆಕ್ಕಕ್ಕೆ ಅರ್ಧ ಬಲ ಸಾಕು. ಆದರೆ ಕಲ್ಲು ಮರಕ್ಕೆ ಉಜ್ಜುತ್ತದಲ್ಲ, ಉಳಿತಾಯದ ಬಹುಪಾಲನ್ನು ಆ ಉಜ್ಜಾಟವೇ ತಿನ್ನುತ್ತದೆ. ‘ಹಾಗಾದರೆ ಇಳಿಜಾರಿನ ಮೇಲೂ ಉರುಳೆ ಹಾಕೋಣ’ ಅಂತೀರಾ? ಬೇಡ. ಉಜ್ಜಾಟ ನಿಮ್ಮ ಶತ್ರುವೂ ಹೌದು, ಕಾವಲುಗಾರನೂ ಹೌದು. ಉರುಳೆ ಹಾಕಿದ ಕಲ್ಲಿನ ಹಗ್ಗ ಕೈ ತಪ್ಪಿದರೆ ಅದು ಓಡಿಬರುತ್ತದೆ. ಹಾಗೆಯೇ ಇಳಿಜಾರಿನ ಕೆಳಗಡೆ ನಿಂತು ಹೆಗಲು ಕೊಟ್ಟು ನೂಕುವುದು ಬಿಡಿ. ಮೇಲಿನಿಂದ ಎಳೆಯಿರಿ. ಎಳೆಯುವ ಹಗ್ಗವನ್ನು ಗಟ್ಟಿಯಾದ ಮರಕ್ಕೋ ಹೂತ ಕಂಬಕ್ಕೋ ಎರಡು ಸುತ್ತು ಸುತ್ತಿ, ಬಂದಷ್ಟು ಬಂದಷ್ಟು ಬಿಗಿದುಕೊಳ್ಳುತ್ತಿರಿ. ಸುತ್ತಿದ ಹಗ್ಗವನ್ನು ಒಬ್ಬನೇ ಹಿಡಿದು ನಿಲ್ಲಿಸಬಲ್ಲ.

ಇನ್ನು ರಾಟೆ. ಬಾವಿಯ ರಾಟೆಯನ್ನು ಮೇಲೆ ಕಟ್ಟಿ, ಹಗ್ಗ ಹಾಕಿ ಎಳೆದರೆ ಭಾರ ಕಡಿಮೆಯಾಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಆಗುವುದಿಲ್ಲ. ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯುತ್ತೀರಿ, ಅಷ್ಟೇ ಅನುಕೂಲ. 100 ಕಿಲೋ ತೊಲೆಗೆ 100 ಕಿಲೋ ಎಳೆಯಲೇಬೇಕು, ರಾಟೆಯ ಬಿಗಿತಕ್ಕೆ ಇನ್ನೊಂದಿಷ್ಟು ಸೇರಿಸಿ. ಇದಕ್ಕಿಂತ ಮುಖ್ಯವಾದದ್ದು, ರಾಟೆ ಕಟ್ಟಿದ ಮೇಲಿನ ಗಳುವಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು. ತೊಲೆಯ 100, ನೀವು ಎಳೆಯುವ 100, ಒಟ್ಟು 200 ಕಿಲೋ. ‘100 ಕಿಲೋ ತಾನೇ’ ಎಂದು ಹಳೆಯ ಗಳುವಿಗೆ ರಾಟೆ ಕಟ್ಟಿ, ಗಳುವೇ ತಲೆಯ ಮೇಲೆ ಬಂದದ್ದನ್ನು ನಾನು ಕಂಡಿದ್ದೇನೆ. ಭಾರ ಕಡಿಮೆಯಾಗಬೇಕಾದರೆ ಇನ್ನೊಂದು ರಾಟೆ ಭಾರದ ಜೊತೆಯಲ್ಲೇ ಮೇಲಕ್ಕೆ ಬರುವಂತೆ ಇರಬೇಕು. ಆಗ ತೊಲೆಯನ್ನು ಎರಡು ಎಳೆ ಹಗ್ಗ ಹೊರುತ್ತದೆ, ನಿಮ್ಮ ಪಾಲಿಗೆ ಅರ್ಧ. ಮೇಲೆರಡು, ಕೆಳಗೆರಡು ರಾಟೆಯಾದರೆ ನಾಲ್ಕು ಎಳೆ, ನಿಮ್ಮ ಪಾಲಿಗೆ ಕಾಲು. ಹಾರೆಯ ಹಾಗೆ ಇಲ್ಲೂ ಬೆಲೆ ಇದೆ. ಒಂದು ಅಡಿ ಏರಿಸಲು ನಾಲ್ಕು ಅಡಿ ಹಗ್ಗ ಎಳೆಯಬೇಕು.

ಇದಕ್ಕಿಂತ ಉತ್ತಮವಾದದ್ದು ನಿಮ್ಮ ಊರಿನಲ್ಲೇ ಇದೆ. ಕೊಳವೆ ಬಾವಿಯ ಮೋಟಾರು ಕೆಟ್ಟಾಗ ಮುಕ್ಕಾಲಿ ನಿಲ್ಲಿಸಿ, ಸರಪಳಿ ಎಳೆದು ಪೈಪು ಎತ್ತುತ್ತಾರಲ್ಲ, ಆ ಚೈನ್ ಪುಲ್ಲಿ. ಒಬ್ಬನೇ ನಿಂತು ಸರಪಳಿ ಎಳೆಯುತ್ತಿದ್ದರೆ ಅರ್ಧ ಟನ್ನು ನಿಧಾನಕ್ಕೆ ಏರುತ್ತದೆ. ಕೈ ಬಿಟ್ಟರೂ ಭಾರ ಹಿಂದಕ್ಕೆ ಓಡದಂತೆ ಒಳಗೆ ತಡೆ ಇರುತ್ತದೆ. ಹಗ್ಗದ ರಾಟೆಗೆ ಆ ಗುಣ ಇಲ್ಲ. ಮೋಟಾರು ರಿಪೇರಿಯವರು ಬೇಸಿಗೆಯಲ್ಲಿ ಬಿಡುವಿಲ್ಲದೆ ತಿರುಗುತ್ತಿರುತ್ತಾರೆ ನಿಜ. ಎರಡು ದಿನ ಕಾದರೂ ಸರಿ, ಬಾಡಿಗೆ ಕೊಟ್ಟು ಅವರದ್ದನ್ನೇ ತನ್ನಿ. ಮುಕ್ಕಾಲಿ ನಿಲ್ಲಿಸುವಾಗ ಕಾಲುಗಳ ನಡುವಿನ ಅಂತರ ಕಾಲಿನ ಉದ್ದದ ಅರ್ಧಕ್ಕಿಂತ ಕಡಿಮೆಯಾಗದಿರಲಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಾಗದಿರಲಿ. ಪಾದಗಳಿಗೆ ಗೇಣುದ್ದದ ಗುಂಡಿ ತೋಡಿ, ಇಲ್ಲವೇ ಮೂರು ಪಾದಗಳನ್ನೂ ಒಂದಕ್ಕೊಂದು ಹಗ್ಗದಿಂದ ಬಿಗಿಯಿರಿ. ಭಾರ ಮೂರು ಕಾಲಿನ ನಡುವೆಯೇ ನೇರವಾಗಿ ಏರಬೇಕು. ದೂರದಲ್ಲಿ ಬಿದ್ದ ಕಲ್ಲನ್ನು ಮುಕ್ಕಾಲಿಯಿಂದ ಪಕ್ಕಕ್ಕೆ ಎಳೆದುಕೊಳ್ಳಲು ಹೋದರೆ ಮುಕ್ಕಾಲಿಯೇ ಮಗುಚಿಕೊಳ್ಳುತ್ತದೆ.

ಹಗ್ಗದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟು ಇದೆ, ಹೇಳಿಬಿಡುತ್ತೇನೆ. ಬಾವಿಗೆ ಆಗದ, ಬಂಡಿಗೆ ಆಗದ, ಕೊನೆಗೆ ಹಸು ಕಟ್ಟಲೂ ಆಗದ ಹಗ್ಗವನ್ನು ಕಲ್ಲು ಎತ್ತಲು ತರುತ್ತೀರಿ. ಪ್ಲಾಸ್ಟಿಕ್ ಹಗ್ಗ ಎರಡು ಬೇಸಿಗೆ ಬಿಸಿಲು ಕಂಡರೆ ಮೇಲೆ ಹೊಳೆಯುತ್ತಿದ್ದರೂ ಒಳಗೆ ಪುಡಿ. ತೆಂಗಿನ ನಾರಿನ ಹಗ್ಗ ಚಪ್ಪರಕ್ಕೆ ಸರಿ, ಚಪ್ಪಡಿಗೆ ಅಲ್ಲ. ಒಳ್ಳೆಯ ಹಗ್ಗವೇ ಆದರೂ ಒಂದು ಗಂಟು ಬಿದ್ದರೆ ಆ ಜಾಗದಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿನ ಅಂಚಿಗೆ ಹಗ್ಗ ತಾಗುವಲ್ಲಿ ಗೋಣಿಚೀಲವನ್ನು ಮಡಿಸಿ ಇಡಿ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಹೆಚ್ಚು ಅಪಾಯ. ಕಲ್ಲಿನ ಎರಡು ಕಡೆ ಹಗ್ಗ ಕಟ್ಟಿ, ಎರಡನ್ನೂ ಮೇಲೆ ಒಂದೇ ಕೊಕ್ಕೆಗೆ ಸೇರಿಸುತ್ತೀರಿ. ಕಟ್ಟಿದ ಎರಡು ಜಾಗಗಳ ನಡುವೆ 6 ಅಡಿ ಇದೆ ಎನ್ನಿ, ಕಲ್ಲು 200 ಕಿಲೋ ಎನ್ನಿ. ಒಂದೊಂದು ಹಗ್ಗವೂ 6 ಅಡಿ ಉದ್ದ ಇದ್ದರೆ ಒಂದೊಂದರ ಮೇಲೂ 115 ಕಿಲೋ ಎಳೆತ ಬೀಳುತ್ತದೆ. ಹಗ್ಗ ಸಾಲದೆಂದು ಮೂರೂವರೆ ಅಡಿಗೆ ಕಟ್ಟಿದಿರೋ, ಒಂದೊಂದರ ಮೇಲೂ ಹೆಚ್ಚುಕಡಿಮೆ ಪೂರ್ತಿ 200 ಕಿಲೋ! ಕಲ್ಲು ಅದೇ, ಹಗ್ಗ ಅದೇ. ಹಗ್ಗ ಚಪ್ಪಟೆಯಾಗಿ ಮಲಗಿದಷ್ಟೂ ಎಳೆತ ಹೆಚ್ಚು. ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟು ಬಿಗಿದು ಕಟ್ಟಿದರೂ ಒಂದು ಒದ್ದೆ ಕಂಬಳಿಗೆ ಜಗ್ಗುತ್ತದಲ್ಲ, ಕಾರಣ ಇದೇ. ಆದ್ದರಿಂದ ಕಟ್ಟಿದ ಅಂತರ ಎಷ್ಟೋ ಹಗ್ಗವೂ ಅಷ್ಟುದ್ದ ಇರಲಿ, ಹೆಚ್ಚಿದ್ದರೆ ಇನ್ನೂ ಸರಿ.

ಈಗ ಜಾಕಿ. ಇದರಲ್ಲಿ ಎರಡು ಜಾತಿ. ತಿರುಪಿನ ಜಾಕಿಯಲ್ಲಿ ದಪ್ಪನೆಯ ತಿರುಪಿನ ಕಂಬ ಇರುತ್ತದೆ, ಹಿಡಿ ಹಾಕಿ ತಿರುಗಿಸಿದಂತೆ ಏರುತ್ತದೆ. ನೀವು ಕೊಡುವ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಉಜ್ಜಾಟಕ್ಕೇ ಹೋಗುತ್ತದೆ. ಆದರೆ ಅದೇ ಉಜ್ಜಾಟದಿಂದ, ಕೈ ಬಿಟ್ಟರೂ ಭಾರ ತನ್ನಷ್ಟಕ್ಕೆ ಇಳಿಯುವುದಿಲ್ಲ. ಎಣ್ಣೆ ಜಾಕಿ, ಅಂದರೆ ಟೆಂಪೋ, ಲಾರಿಗಳಲ್ಲಿ ಇರುವ ಸೀಸೆಯಾಕಾರದ್ದು, ಹತ್ತು ಸಲ ಹಿಡಿ ಆಡಿಸಿದರೆ ಟನ್ನುಗಟ್ಟಲೆ ಎತ್ತುತ್ತದೆ, ಸುಲಭ. ಅದರ ಭಾರವನ್ನು ಹೊತ್ತಿರುವುದು ಮಾತ್ರ ಒಳಗಿನ ಎಣ್ಣೆ, ಆ ಎಣ್ಣೆಯನ್ನು ತಡೆದಿರುವುದು ಒಂದು ಸಣ್ಣ ವಾಷರು. ವಾಷರು ಸವೆದಿದ್ದರೆ ಎಣ್ಣೆ ಹಿಂದಕ್ಕೆ ಸೋರುತ್ತದೆ, ಭಾರ ಸದ್ದಿಲ್ಲದೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹೋದ ವರ್ಷ ನಾನು ಓಡಾಡುವ ಒಂದು ಊರಿನಲ್ಲಿ ಒಂದು ಮನೆಯವರು ಕೊಟ್ಟಿಗೆಯ ನಡುಗಂಬ ಬದಲಿಸುವವರಿದ್ದರು. ಹೆಂಚಿನ ಮಾಡು. ಕಂಬದ ಬುಡ ಗಂಜಲಕ್ಕೆ ನೆನೆದು, ಗೆದ್ದಲು ಹತ್ತಿ, ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಮಗ ಟೆಂಪೋದವರಿಂದ ಒಂದು ಜಾಕಿ ಕೇಳಿ ತಂದಿದ್ದ. ತೊಲೆಯ ಕೆಳಗೆ ಒಂದು ದಿಮ್ಮಿ, ಅದರ ಕೆಳಗೆ ಜಾಕಿ ಇಟ್ಟು ಎತ್ತಿ, ಕಂಬ ಕಿತ್ತು, ಹೊಸದನ್ನು ಒಂದು ಗಂಟೆಯಲ್ಲಿ ನಿಲ್ಲಿಸುತ್ತೇನೆ ಎಂಬುದು ಅವನ ಲೆಕ್ಕ. ನಾನು ಹೋದದ್ದು ಅಜೋಲಾ ತೊಟ್ಟಿ ನೋಡಲು. ಇದನ್ನು ಕಂಡು ಸುಮ್ಮನಿರಲಾಗಲಿಲ್ಲ.

ಒಂದು ಹೆಂಚು ಒಣಗಿದ್ದಾಗ ಎರಡರಿಂದ ಎರಡೂವರೆ ಕಿಲೋ ಇರುತ್ತದೆ. ಆ ಕಂಬದ ಪಾಲಿಗೆ ನೂರು ಹೆಂಚಾದರೂ ಇತ್ತು. ರೀಪು, ಜಂತೆ, ತೊಲೆ ಸೇರಿದರೆ 400 ಕಿಲೋಗೆ ಕಡಿಮೆಯಿಲ್ಲ. ನಾನು ‘ಜಾಕಿ ಇರಲಿ, ಅದರ ಎರಡು ಪಕ್ಕಕ್ಕೂ ಕಟ್ಟಿಗೆಯ ಗೂಡು ಪೇರಿಸೋಣ’ ಅಂದೆ. ಹಿತ್ತಲಿನಲ್ಲಿ ಬೇವಿನ ಚೌಕ ತುಂಡುಗಳಿದ್ದವು. ಮನೆಯ ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ‘ಅಲ್ಲ ಸ್ವಾಮಿ, ಜಾಕಿ ಎತ್ಕಂಡು ನಿಂತಿರುವಾಗ ಮತ್ತೆ ಈ ಕಟ್ಟಿಗೆ ಯಾಕೆ?’ ಎಂದರು. ಬಹಳ ಸರಿಯಾದ ಪ್ರಶ್ನೆ. ನಾನು ‘ಅಜ್ಜೀ, ಜಾಕಿ ಎತ್ತೋದಕ್ಕೆ, ಕಟ್ಟಿಗೆ ಹೊರೋದಕ್ಕೆ’ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಗೂಡು ಪೇರಿಸುವುದು ಹೀಗೆ. ಎರಡು ತುಂಡು ಉದ್ದಕ್ಕೆ, ಅವುಗಳ ಮೇಲೆ ಎರಡು ತುಂಡು ಅಡ್ಡಕ್ಕೆ, ಮತ್ತೆ ಎರಡು ಉದ್ದಕ್ಕೆ. ದುಂಡು ಕಟ್ಟಿಗೆ ಬೇಡ, ಉರುಳುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡ, ಸೀಳುತ್ತದೆ. ಸೀಳುವಾಗ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಮರವಾದರೆ ಮೊದಲು ಕಿರ್ರೆಂದು ಕೂಗುತ್ತದೆ. ಗೂಡಿನ ಎತ್ತರ ಅದರ ಬುಡದ ಅಗಲದ ಮೂರರಷ್ಟನ್ನು ಮೀರಬಾರದು. ಎರಡು ಅಡಿ ಅಗಲ ಇದ್ದರೆ ಆರು ಅಡಿಯವರೆಗೆ ಹೋಗಬಹುದು. ಬುಡಕ್ಕೆ ಅಗಲವಾದ ಹಲಗೆ ಹಾಸಬೇಕು, ಯಾಕೆಂದರೆ ಕೊಟ್ಟಿಗೆಯ ನೆಲ ಗಂಜಲ ಕುಡಿದು ಮೆತ್ತಗಿರುತ್ತದೆ. ಮೇಲೆ ಉಳಿದ ಸಂದಿಗೆ ಜೋಡಿ ಬೆಣೆ ಹೊಡೆಯಬೇಕು. ಒಂದೇ ಬೆಣೆ ಹೊಡೆದರೆ ಅದು ತೊಲೆಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಎದುರುಬದುರಾಗಿ ಎರಡನ್ನು ಒಂದರ ಮೇಲೊಂದು ಹೊಡೆದರೆ ಮೇಲಿನ ಮುಖ, ಕೆಳಗಿನ ಮುಖ ಎರಡೂ ಮಟ್ಟಸವಾಗಿದ್ದು ಸಂದಿ ನೇರವಾಗಿ ತುಂಬುತ್ತದೆ.

ಆ ದಿನ ಹಾಗೇ ಮಾಡಿದೆವು. ಜಾಕಿಯ ಅಡಿಗೆ ಹಲಗೆ, ತಲೆಗೆ ಮರದ ತುಂಡು ಇಟ್ಟು, ಕಂಬ ಸಡಿಲವಾಗುವಷ್ಟು ಮಾತ್ರ ತೊಲೆಯನ್ನು ಎತ್ತಿದೆವು. ಬೆರಳಿನ ದಪ್ಪ ಸಾಕು. ಅದಕ್ಕಿಂತ ಹೆಚ್ಚು ಎತ್ತಿದರೆ ಹೆಂಚು ಜಾರುತ್ತದೆ, ಆಚೆ ಕಂಬದ ಕೀಲು ಬಾಯಿ ಬಿಡುತ್ತದೆ. ಬೆಣೆ ಬಿಗಿದು ಕಂಬ ಕಿತ್ತೆವು. ಹೊಸ ಕಂಬದ ಬುಡಕ್ಕೆ ಅಡಿಗಲ್ಲು ಬರಬೇಕಾಗಿತ್ತು. ತರುತ್ತೇನೆಂದವರು ಸಂಜೆಯಾದರೂ ಬರಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ರಾತ್ರಿ ಗುಡುಗು ಶುರುವಾಗಿದೆ. ಹೊರಗೆ ಕಟ್ಟಿದ್ದ ದನಗಳಲ್ಲಿ ಎಳೆಗರು ಒಂದನ್ನು ಯಾರೋ ಮಳೆಗೆ ಹೆದರಿ ತಂದು ಒಳಗೆ ಕಟ್ಟಿದ್ದಾರೆ, ಸರಿಯಾಗಿ ಆ ತೊಲೆಯ ಕೆಳಗೆ. ಬೆಳಿಗ್ಗೆ ನಾನು ಹೋಗಿ ನೋಡಿದರೆ ಜಾಕಿ ಹೆಬ್ಬೆರಳಿನಷ್ಟು ಇಳಿದು, ತಲೆಗೂ ದಿಮ್ಮಿಗೂ ನಡುವೆ ಬೆಳಕು ಕಾಣುತ್ತಿತ್ತು. ತೊಲೆಯ ಭಾರವೆಲ್ಲ ಕಟ್ಟಿಗೆಯ ಮೇಲೆ. ಕರು ಬೇವಿನ ತುಂಡನ್ನು ನೆಕ್ಕುತ್ತಾ ನಿಂತಿತ್ತು. ಅಜ್ಜಿ ಬಂದು ಆ ಸಂದಿಯೊಳಗೆ ಒಂದು ಹುಲ್ಲುಕಡ್ಡಿ ತೂರಿಸಿ ನೋಡಿದರು. ಏನೂ ಹೇಳಲಿಲ್ಲ, ಕರುವನ್ನು ಬಿಚ್ಚಿಕೊಂಡು ಹೋದರು.

ಗೂಡಿಗೆ ಬೇಕಾದಷ್ಟು ತುಂಡುಗಳಿಲ್ಲದಿದ್ದರೆ ಆಸರೆ ಕಂಬ ಕೊಡಬಹುದು, ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡುವ ಹಾಗೆ. ಆದರೆ ಬಾಳೆಯ ಕೋಲು ಓರೆಯಾಗಿರುತ್ತದೆ, ಇದು ನೆಟ್ಟಗಿರಬೇಕು. ಉದ್ದವಾದ ಆಸರೆ ಕಂಬ ಭಾರಕ್ಕೆ ಜಜ್ಜಿಹೋಗುವುದಿಲ್ಲ, ನಡುವಿನಲ್ಲಿ ಬಾಗಿ ಮುರಿಯುತ್ತದೆ. ಅದೇ ದಪ್ಪದ ಕಂಬ ಎರಡರಷ್ಟು ಉದ್ದವಾದರೆ ಬಾಗದೆ ಹೊರುವ ಶಕ್ತಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ಉಪಾಯ, ಕಂಬಗಳ ನಡು ಎತ್ತರದಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿ ಕಟ್ಟಿ ಒಂದಕ್ಕೊಂದು ಬಿಗಿಯುವುದು. ಕಬ್ಬಿಣದ ಜಾಕಿ ಕಂಬಗಳು ಈಗ ಸೆಂಟ್ರಿಂಗ್ ಸಾಮಾನಿನವರಲ್ಲಿ ಬಾಡಿಗೆಗೆ ಸಿಗುತ್ತವೆ, ಒಳ್ಳೆಯವು. ಅವಕ್ಕೆ ಅವುಗಳದ್ದೇ ಪಿನ್ನು ಹಾಕಿ. ಪಿನ್ನು ಕಳೆದುಹೋಯಿತೆಂದು ಮೊಳೆಯನ್ನೋ ತೆಳ್ಳಗಿನ ಕಂಬಿಯ ತುಂಡನ್ನೋ ತೂರಿಸಿದರೆ, ಇಡೀ ಮಾಡು ಆ ಮೊಳೆಯ ಮೇಲೆ ನಿಂತ ಹಾಗೆ.

ಸೆಂಟ್ರಿಂಗ್ ಮಾತು ಬಂದದ್ದರಿಂದ ಇದನ್ನೂ ಸೇರಿಸಿಬಿಡುತ್ತೇನೆ. ಈಚೆಗೆ ಕೊಟ್ಟಿಗೆಗೂ ಕಾಂಕ್ರೀಟ್ ತಾರಸಿ ಹಾಕಿಸುತ್ತಿದ್ದೀರಿ. ಬಾಡಿಗೆ ಉಳಿಸಲು ‘ಐದನೇ ದಿನಕ್ಕೆ ಕಂಬ ಬಿಚ್ಚಿ’ ಎಂದು ಒತ್ತಾಯ ಮಾಡುವುದೂ ಉಂಟು. 2000ನೇ ಇಸವಿಯ ಭಾರತೀಯ ಮಾನಕ 456ರಲ್ಲಿ ಹೇಳಿರುವುದು ಇಷ್ಟು: ತಾರಸಿಯ ಹರವು ನಾಲ್ಕೂವರೆ ಮೀಟರಿನ, ಅಂದರೆ ಸುಮಾರು 15 ಅಡಿಯ ಒಳಗಿದ್ದರೆ ಆಸರೆ ಕಂಬಗಳು ಕನಿಷ್ಠ 7 ದಿನ ಇರಬೇಕು, ಹೆಚ್ಚಿದ್ದರೆ 14 ದಿನ. ತೊಲೆಗಳ ಕೆಳಗೆ 6 ಮೀಟರಿನವರೆಗೆ 14 ದಿನ, ಅದಕ್ಕೂ ಮೀರಿದ್ದರೆ 21 ದಿನ. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅದೂ ನೀರು ಸರಿಯಾಗಿ ಕುಡಿಸಿದ್ದರೆ. ನಿಮ್ಮ ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಅದು ಬಲಿಯುವುದು ಇನ್ನೂ ನಿಧಾನ, ಕೆಲವು ದಿನ ಹೆಚ್ಚಿಗೆ ಬಿಡಿ.

ಕೊನೆಗೆ ಕೆಲಸದ ದಿನದ ಎರಡು ಮಾತು. ‘ಎತ್ತು’, ‘ಇಳಿಸು’ ಎನ್ನುವವನು ಒಬ್ಬನೇ ಇರಲಿ. ಆದರೆ ‘ನಿಲ್ಲಿಸು’ ಎಂದು ಯಾರು ಕೂಗಿದರೂ, ಮನೆಯ ಸಣ್ಣ ಹುಡುಗಿ ಕೂಗಿದರೂ, ಎಲ್ಲರೂ ನಿಲ್ಲಿಸಬೇಕು. ದನಕರುಗಳನ್ನು ಹಿಂದಿನ ಸಂಜೆಯೇ ಬೇರೆ ಕಡೆ ಕಟ್ಟಿ, ಕಂಬ ನಿಂತು, ಬೆಣೆ ತೆಗೆದು, ಮಾಡಿನ ಭಾರ ಹೊಸ ಕಂಬದ ಮೇಲೆ ಕೂತಿದೆ ಎಂದು ಖಾತ್ರಿಯಾಗುವವರೆಗೆ ಒಳಗೆ ತರಬೇಡಿ. ಬೆಣೆಯನ್ನು ಒಂದೇ ಏಟಿಗೆ ಹಾರಿಸದೆ ಎರಡೂ ಕಡೆ ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಹೊಸ ಕಂಬ ನೆಲದೊಳಗೆ ಹೂಳುವುದು ಬೇಡ. ಗೇಣೆತ್ತರದ ಅಡಿಗಲ್ಲಿನ ಮೇಲೆ ನಿಲ್ಲಿಸಿದರೆ ಗಂಜಲ ತಾಗುವುದಿಲ್ಲ, ಗೆದ್ದಲು ಹತ್ತುವುದೂ ಕಣ್ಣಿಗೆ ಬೀಳುತ್ತದೆ. ಗೂಡಿಗೆ ಬಳಸಿದ ಚೌಕ ತುಂಡುಗಳನ್ನು ಒಲೆಗೆ ಹಾಕದೆ ಅಟ್ಟದ ಮೇಲೆ ಎತ್ತಿಡಿ. ಪಕ್ಕದ ಮನೆಯವರು ಕೇಳಿಕೊಂಡು ಬಂದೇ ಬರುತ್ತಾರೆ.